500 ಕೋಟಿ ಸಾವಿನ ಲೆಕ್ಕ

1980ರ ಜುಲೈ ತಿಂಗಳ ‘ಎಕ್ಸ್-ಮೆನ್’ ಕಾಮಿಕ್ಸ್, 135ನೇ ಸಂಚಿಕೆ. ಅದರ ನಡುವಿನ ಕೆಲವೇ ಚೌಕಟ್ಟುಗಳಲ್ಲಿ ಒಂದು ನಕ್ಷತ್ರ ನಂದಿಹೋಗುತ್ತದೆ. ಜೀನ್ ಗ್ರೇ ಎಂಬ ನಾಯಕಿ ಫೀನಿಕ್ಸ್ ಎಂಬ ಮಹಾಶಕ್ತಿಯ ಆವೇಶಕ್ಕೆ ಒಳಗಾಗಿ, ತಡೆಯಲಾರದ ಹಸಿವಿನಿಂದ ದೂರದ ಸೂರ್ಯನೊಂದನ್ನು ಇಡಿಯಾಗಿ ಹೀರಿಬಿಡುತ್ತಾಳೆ. ಆ ಸೂರ್ಯನನ್ನು ಸುತ್ತುತ್ತಿದ್ದ ಗ್ರಹದಲ್ಲಿ ಡಿಬಾರಿ ಎಂಬ ಜೀವಿಗಳ ನಾಗರಿಕತೆಯೊಂದಿತ್ತು. ಆಸ್ಪರಾಗಸ್ ಎಂಬ ತರಕಾರಿಯ ತುದಿಯನ್ನು ಹೋಲುವ ತಲೆ ಅವರದು. ಅಭಿಮಾನಿಗಳು ಅವರನ್ನು ಆ ತರಕಾರಿಯ ಹೆಸರಿನಿಂದಲೇ ತಮಾಷೆಯಾಗಿ ಕರೆಯುತ್ತ ಬಂದಿದ್ದಾರೆ. ಸತ್ತವರ ಸಂಖ್ಯೆ 500 ಕೋಟಿ. ಪುಟ ತಿರುವಿದರೆ ಕಥೆ ಮುಂದಕ್ಕೆ ಸಾಗುತ್ತದೆ.

ಕಥೆ ಸಾಗಿದರೂ ಓದುಗರು ಸಾಗಲಿಲ್ಲ. ನಾಲ್ಕು ದಶಕ ಕಳೆದರೂ ಈ 500 ಕೋಟಿ ಸಾವುಗಳಿಗೆ ಯಾರು ಹೊಣೆ ಎಂಬ ವಾದ ಮುಗಿದಿಲ್ಲ. ಬಿಗಿಯುಡುಪು ತೊಟ್ಟ ಅತಿಮಾನವರ ಬಗ್ಗೆ ನಡುವಯಸ್ಕರು ಗಂಟೆಗಟ್ಟಲೆ ಜಗಳವಾಡುವುದನ್ನು ಕಂಡು ನಗುವವರು ಬಹಳ ಮಂದಿ. ನಗುವುದಕ್ಕೆ ಕಾರಣಗಳೂ ಇವೆ. ಆದರೆ ಆ ಜಗಳದ ಒಳಹೊಕ್ಕು ನೋಡಿದರೆ, ಅಲ್ಲಿ ಚರ್ಚೆಯಾಗುತ್ತಿರುವುದು ಬಹುಮಟ್ಟಿಗೆ ಒಂದೇ ಪ್ರಶ್ನೆ: ನಮ್ಮಂತೆ ಕಾಣದವರ ಸಾವು ಲೆಕ್ಕಕ್ಕೆ ಬರುತ್ತದೆಯೇ?

ಮೊದಲು ‘ಕಂಟಿನ್ಯುಟಿ’ ಎಂಬ ಮಾತಿನ ಅರ್ಥ ಹೇಳಬೇಕು. ಕಥಾಸಾತತ್ಯ ಎಂದು ಕರೆಯಬಹುದೇನೋ. ನೂರಾರು ಲೇಖಕರು ದಶಕಗಳ ಕಾಲ ಬರೆದ ಸಾವಿರಾರು ಸಂಚಿಕೆಗಳೆಲ್ಲ ಒಂದೇ ಲೋಕದಲ್ಲಿ ನಡೆದ ಘಟನೆಗಳು. ಒಂದರಲ್ಲಿ ಆದದ್ದನ್ನು ಇನ್ನೊಂದು ಸುಳ್ಳಾಗಿಸಬಾರದು ಎಂಬ ಕರಾರು ಅದು. 1938ರಲ್ಲಿ ಸೂಪರ್‌ಮ್ಯಾನ್ ಹುಟ್ಟಿದಾಗ ಇಂಥ ಕರಾರು ಇರಲಿಲ್ಲ. ಮಕ್ಕಳು ಎರಡು ಮೂರು ವರ್ಷ ಓದಿ ಬಿಟ್ಟುಬಿಡುತ್ತಾರೆ, ಹಳೆಯದನ್ನು ನೆನಪಿಡುವವರಾರು ಎಂಬುದು ಪ್ರಕಾಶಕರ ಲೆಕ್ಕಾಚಾರವಾಗಿತ್ತು. 1961ರಲ್ಲಿ ಸ್ಟಾನ್ ಲೀ ಮತ್ತು ಜಾಕ್ ಕರ್ಬಿ ‘ಫೆಂಟಾಸ್ಟಿಕ್ ಫೋರ್’ ಆರಂಭಿಸಿದ ಮೇಲೆ ಚಿತ್ರ ಬದಲಾಯಿತು. ಒಂದು ಪತ್ರಿಕೆಯ ನಾಯಕ ಇನ್ನೊಂದರಲ್ಲಿ ಹಾದುಹೋಗತೊಡಗಿದ. ಹಿಂದಿನ ತಿಂಗಳ ಗಾಯ ಈ ತಿಂಗಳೂ ನೋಯತೊಡಗಿತು.

ಅದೇ ಹೊತ್ತಿಗೆ ಓದುಗರ ಪತ್ರಗಳ ಪುಟದಲ್ಲಿ ಪತ್ರ ಬರೆದವರ ಪೂರ್ಣ ವಿಳಾಸ ಅಚ್ಚಾಗುತ್ತಿತ್ತು. ಒಂದೂರಿನ ಹುಚ್ಚ ಇನ್ನೊಂದೂರಿನ ಹುಚ್ಚನಿಗೆ ನೇರವಾಗಿ ಕಾಗದ ಬರೆಯಬಹುದಾಯಿತು. ಜೆರ್ರಿ ಬೇಲ್ಸ್ ಎಂಬ ಅಭಿಮಾನಿ 1961ರಲ್ಲಿ ‘ಆಲ್ಟರ್ ಈಗೊ’ ಎಂಬ ಖಾಸಗಿ ಪತ್ರಿಕೆ ಶುರುಮಾಡಿದರು; ಅವರ ಜೊತೆಗಿದ್ದ ರಾಯ್ ಥಾಮಸ್ ಎಂಬ ತರುಣ ಶಾಲಾ ಅಧ್ಯಾಪಕ 1965ರಲ್ಲಿ ಮಾರ್ವೆಲ್ ಸಂಸ್ಥೆಯನ್ನೇ ಸೇರಿದರು. ಕಥೆಯಲ್ಲಿ ತಪ್ಪು ಹುಡುಕಿ, ಅದು ತಪ್ಪೇ ಅಲ್ಲವೆಂದು ಸಾಧಿಸಿ ತೋರಿಸಿದವರಿಗೆ ಸ್ಟಾನ್ ಲೀ ‘ನೋ-ಪ್ರೈಜ್’ ಎಂಬ ಬಹುಮಾನ ಕಳುಹಿಸುತ್ತಿದ್ದರು: ಬಹುಮಾನ ಬಂದಿದೆ ಎಂದು ಮೇಲೆ ಮುದ್ರಿಸಿದ ಖಾಲಿ ಲಕೋಟೆ! ಒಳಗೆ ಏನೂ ಇಲ್ಲವೆಂದು ಕೆಲವರು ದೂರಿಕೊಂಡು ಮತ್ತೆ ಪತ್ರ ಬರೆದರಂತೆ. ವ್ಯಾಖ್ಯಾನಕಾರನಿಗೆ ಅದಕ್ಕಿಂತ ಯೋಗ್ಯವಾದ ಸಂಭಾವನೆ ನನಗಂತೂ ತೋಚುವುದಿಲ್ಲ.

ಮಾರ್ಕ್ ಗ್ರೂಯೆನ್ವಾಲ್ಡ್ ಎಂಬ ಇನ್ನೊಬ್ಬ ಅಭಿಮಾನಿ 1970ರ ದಶಕದಲ್ಲಿ ಕಾಮಿಕ್ಸ್ ಲೋಕಗಳ ತತ್ತ್ವಶಾಸ್ತ್ರವನ್ನೇ ಬರೆದು ಸ್ವಂತ ಖರ್ಚಿನಲ್ಲಿ ಪ್ರಕಟಿಸಿದ್ದರು. ಮುಂದೆ ಮಾರ್ವೆಲ್‌ನ ಸಂಪಾದಕರಾಗಿ ಆ ಲೋಕದ ಅಧಿಕೃತ ವಿಶ್ವಕೋಶವನ್ನು ಸಿದ್ಧಪಡಿಸಿದರು. 1996ರಲ್ಲಿ ತೀರಿಕೊಂಡಾಗ, ಅವರ ಇಚ್ಛೆಯಂತೆ ಚಿತಾಭಸ್ಮವನ್ನು ಮುದ್ರಣದ ಶಾಯಿಯಲ್ಲಿ ಬೆರೆಸಿ ಅವರದೇ ‘ಸ್ಕ್ವಾಡ್ರನ್ ಸುಪ್ರೀಮ್’ ಪುಸ್ತಕವನ್ನು ಅಚ್ಚು ಮಾಡಲಾಯಿತು. ಇದನ್ನು ಗೀಳೆನ್ನಿ, ನಿಷ್ಠೆಯೆನ್ನಿ, ಲಘುವಾಗಿ ತಳ್ಳಿಹಾಕುವಂಥದ್ದಲ್ಲ.

ನಾನು ಈ ಕಥೆಗಳನ್ನು ಓದಿದ್ದು ಎಂಬತ್ತರ ದಶಕದ ಬೆಂಗಳೂರಿನಲ್ಲಿ, ಹಳೆಯ ಪುಸ್ತಕಗಳ ರಾಶಿಯಿಂದ ಹೆಕ್ಕಿ ತೆಗೆದ ಬಿಡಿ ಸಂಚಿಕೆಗಳಲ್ಲಿ. ಮಹಾತ್ಮ ಗಾಂಧಿ ರಸ್ತೆಯ ಕಾಲುದಾರಿಯಲ್ಲೋ ಅವೆನ್ಯೂ ರಸ್ತೆಯಲ್ಲೋ ಸಿಕ್ಕಿದ್ದೇ ಕ್ರಮ. ಮರಣ ಮೊದಲು, ಜನನ ಆಮೇಲೆ. ನಡುವಿನ ಸಂಚಿಕೆಗಳಲ್ಲಿ ಏನಾಗಿರಬಹುದೆಂಬುದನ್ನು ಗೆಳೆಯರೊಡನೆ ವಾದಿಸಿ ತುಂಬಿಕೊಳ್ಳಬೇಕಾಗಿತ್ತು. ಅದಕ್ಕೂ ಮೊದಲು ನಮಗೆ ಗೊತ್ತಿದ್ದದ್ದು ಇಂದ್ರಜಾಲ ಕಾಮಿಕ್ಸ್‌ನ ಫ್ಯಾಂಟಮ್ ಮಾತ್ರ. ಮೂಲದ ಬೆಂಗಲ್ಲಾ ನಾಡನ್ನು ಭಾರತೀಯ ಓದುಗರಿಗಾಗಿ ಡೆಂಕಾಲಿ ಎಂದು ಬದಲಾಯಿಸಿದ್ದರು. ಸಿಂಗ್ ಕಡಲ್ಗಳ್ಳರು ‘ಸಿಂಗಾ’ ಆಗಿದ್ದರು. ಖಳರಿಗೆ ನಮ್ಮ ನೆರೆಹೊರೆಯವರ ಹೆಸರಿದ್ದರೆ ಚೆನ್ನಾಗಿರದು ಎಂಬ ವಿವೇಕ ಆ ಸಂಪಾದಕರಿಗಿತ್ತು.

ಇನ್ನು ಡಿಬಾರಿ ಗ್ರಹದ ವಿಚಾರ. ಆ ಸಂಚಿಕೆಯನ್ನು ಬರೆದವರು ಕ್ರಿಸ್ ಕ್ಲೇರ್‌ಮಾಂಟ್, ಕಥೆಯಲ್ಲಿ ಪಾಲುಗೊಂಡು ಚಿತ್ರ ಬರೆದವರು ಜಾನ್ ಬರ್ನ್. ಡಿಬಾರಿ ಜೀವಿಯ ರೂಪವನ್ನು ಬರ್ನ್ ಹೊಸದಾಗಿ ಕಲ್ಪಿಸಲಿಲ್ಲ. 1964ರ ‘ಅವೆಂಜರ್ಸ್’ 4ನೇ ಸಂಚಿಕೆಯಲ್ಲಿ ಅದೇ ರೂಪದ ಒಬ್ಬ ಬಂದಿದ್ದ. ಅವನ ಆಕಾಶನೌಕೆ ಭೂಮಿಯಲ್ಲಿ ಹೂತುಹೋಗಿ ಶತಮಾನಗಳೇ ಕಳೆದಿದ್ದವು. ಊರಿಗೆ ಮರಳುವ ಆಸೆಯಿಂದ ಆತ ಇನ್ನೊಬ್ಬನ ಮಾತು ಕೇಳಿ ನಾಯಕರನ್ನು ಕಲ್ಲಾಗಿಸುತ್ತಾನೆ. ಕೊನೆಗೆ ಅದೇ ನಾಯಕರು ಅವನ ನೌಕೆಯನ್ನು ಮೇಲೆತ್ತಿಕೊಟ್ಟು ಬೀಳ್ಕೊಡುತ್ತಾರೆ. 16 ವರ್ಷಗಳ ಬಳಿಕ ಸುಟ್ಟುಹೋದದ್ದು ಅಂಥವನ ಊರು. ಸಂಚಿಕೆಯಲ್ಲಿ ಈ ಸಂಬಂಧವನ್ನು ಒತ್ತಿ ಹೇಳಿಲ್ಲ. ನೆನಪಿದ್ದವರಿಗೆ ಮಾತ್ರ ಎದೆಗೆ ನಾಟಿತು. ಸಾತತ್ಯವೆಂಬ ಈ ನೆನಪಿನ ಗೀಳಿನಿಂದ ಏನು ಪ್ರಯೋಜನ ಎಂದು ಕೇಳುವವರಿಗೆ ನಾನು ಕೊಡುವ ಮೊದಲ ಉದಾಹರಣೆ ಇದು.

ಲೇಖಕರು ಮೊದಲು ಯೋಜಿಸಿದ್ದ ಅಂತ್ಯ ಸೌಮ್ಯವಾಗಿತ್ತು. ಜೀನ್‌ಳ ಶಕ್ತಿಯನ್ನು ಕಿತ್ತುಕೊಂಡು ಅವಳನ್ನು ಸಾಮಾನ್ಯ ಹೆಣ್ಣಾಗಿ ಮನೆಗೆ ಕಳುಹಿಸುವುದು. ಪ್ರಧಾನ ಸಂಪಾದಕ ಜಿಮ್ ಶೂಟರ್ ಒಪ್ಪಲಿಲ್ಲ. ಕೋಟ್ಯಂತರ ಜೀವಿಗಳನ್ನು ಕೊಂದವಳು ಶಿಕ್ಷೆಯಿಲ್ಲದೆ ಮನೆಗೆ ಹೋಗುವುದೆಂದರೆ ಏನು ಎಂಬುದು ಅವರ ಆಕ್ಷೇಪ. ಪುಟಗಳನ್ನು ಮತ್ತೆ ಬರೆಯಬೇಕಾಯಿತು. 137ನೇ ಸಂಚಿಕೆಯಲ್ಲಿ, ಮತ್ತೆ ಆ ಆವೇಶಕ್ಕೆ ಸಿಲುಕುವ ಭಯದಿಂದ ಜೀನ್ ಚಂದ್ರನ ನೆಲದ ಮೇಲೆ ತನ್ನ ಪ್ರಾಣವನ್ನು ತಾನೇ ನೀಗುತ್ತಾಳೆ. ಮೊದಲಿನ ಅಂತ್ಯವನ್ನು 1984ರಲ್ಲಿ ಪ್ರತ್ಯೇಕವಾಗಿ ಪ್ರಕಟಿಸಿದರು. ಎರಡನ್ನೂ ಅಕ್ಕಪಕ್ಕ ಇಟ್ಟು ಓದಿದರೆ ಯಾವುದು ಉತ್ತಮವೆಂಬುದರಲ್ಲಿ ಅನುಮಾನ ಉಳಿಯುವುದಿಲ್ಲ. ಶೂಟರ್ ಅವರ ಕಾರ್ಯವೈಖರಿಯ ಬಗ್ಗೆ ಅವರ ಕೈಕೆಳಗೆ ದುಡಿದವರು ಹೇಳಿದ ಕಹಿಮಾತುಗಳು ಸಾಕಷ್ಟಿವೆ. ಈ ಒಂದು ವಿಷಯದಲ್ಲಿ ನ್ಯಾಯ ಅವರ ಪಕ್ಷದಲ್ಲಿತ್ತು ಎಂದೇ ನನ್ನ ಅಭಿಪ್ರಾಯ. ಹಸಿರು ತಲೆಯ ಅನಾಮಿಕರನ್ನು ಅವರು ಸತ್ತವರೆಂದು ಎಣಿಸಿದರು.

ಜೀನ್‌ಳನ್ನು ಮರಳಿ ತರಬೇಕೆಂಬ ಬೇಡಿಕೆ ಬಂದಾಗಲೂ ಶೂಟರ್ ಷರತ್ತು ಅದೇ: ಬರಲಿ, ಆದರೆ ನಿರಪರಾಧಿಯಾಗಿ ಬರಬೇಕು. ಇದಕ್ಕೆ ದಾರಿ ಹುಡುಕಿದ್ದು ಆಗಿನ್ನೂ ಕಾಲೇಜು ವಿದ್ಯಾರ್ಥಿಯಾಗಿದ್ದ ಕರ್ಟ್ ಬ್ಯೂಸಿಯೆಕ್ ಎಂಬ ಅಭಿಮಾನಿ. ನಕ್ಷತ್ರ ನುಂಗಿದವಳು ಜೀನ್ ಅಲ್ಲವೇ ಅಲ್ಲ, ಅವಳ ರೂಪ ತಳೆದ ಮಹಾಶಕ್ತಿ. ನಿಜವಾದ ಜೀನ್ ನ್ಯೂಯಾರ್ಕಿನ ಜಮೈಕಾ ಕೊಲ್ಲಿಯ ತಳದಲ್ಲಿ ಒಂದು ಕೋಶದೊಳಗೆ ಮಲಗಿದ್ದಳು ಎಂಬುದು ಆ ಸೂತ್ರ. ಬಾಯಿಂದ ಬಾಯಿಗೆ ಹರಡಿ ಆ ಸೂತ್ರ ಲೇಖಕರ ಕಿವಿಗೆ ಬಿದ್ದು, 1986ರ ಜನವರಿಯ ಸಂಚಿಕೆಗಳಲ್ಲಿ ಅಧಿಕೃತ ಚರಿತ್ರೆಯಾಯಿತು. ಹೀಗೆ ಹಿಂದಿನದನ್ನು ತಿದ್ದುವ ಕ್ರಿಯೆಗೆ ಅಭಿಮಾನಿಗಳ ಪರಿಭಾಷೆಯಲ್ಲಿ ‘ರೆಟ್‌ಕಾನ್’ ಎಂದು ಹೆಸರು. ಅದರ ಪೂರ್ಣರೂಪ 1983ರಲ್ಲಿ ರಾಯ್ ಥಾಮಸರ ‘ಆಲ್-ಸ್ಟಾರ್ ಸ್ಕ್ವಾಡ್ರನ್’ನ ಪತ್ರಗಳ ಪುಟದಲ್ಲೇ ಅಚ್ಚಾಗಿತ್ತು.

ವಕೀಲನ ಜಾಣ್ಮೆಯಾಗಿ ಇದು ಅದ್ಭುತ. ಕೊಲೆಗಾತಿಗೆ ಅನ್ಯತ್ರ ಇದ್ದಳೆಂಬ ಸಾಕ್ಷ್ಯ ಆರು ವರ್ಷಗಳ ಬಳಿಕ ದೊರಕಿತು. ಆದರೆ ನನಗೆ ಇದು ಇಂದಿಗೂ ಒಗ್ಗಿಲ್ಲ. ನಾಯಕಿಯ ಮೇಲಿನ ಕಲೆ ಅಳಿಯಿತು. 500 ಕೋಟಿ ಮಂದಿ ಸತ್ತೇ ಇದ್ದಾರೆ. ಆರೋಪಿಯೂ ಇಲ್ಲದಂತಾಗಿ ಆ ಸಾವು ಪ್ರಕೃತಿವಿಕೋಪದ ಲೆಕ್ಕಕ್ಕೆ ಸೇರಿತು. ಅಭಿಮಾನಿಗಳ ಚರ್ಚೆ ಅಲ್ಲಿಂದಾಚೆ ಬಹುಪಾಲು ಜೀನ್‌ಳ ಸುತ್ತಲೇ ಗಿರಕಿ ಹೊಡೆಯಿತು: ಅವಳ ನೆನಪುಗಳು ಯಾರವು, ಅವಳ ಪ್ರೇಮ ಯಾರದು ಎಂದು.

ವಿರೋಧವಾಗುವ ಕಥೆಗಳನ್ನು ಹೊಂದಿಸುವ ಈ ಕಸರತ್ತು ನಮಗೇನೂ ಹೊಸತಲ್ಲ. ಒಂದು ಪುರಾಣದ ಮಾತಿಗೆ ಇನ್ನೊಂದು ಪುರಾಣ ಎದುರಾದಾಗ ನಮ್ಮ ವ್ಯಾಖ್ಯಾನಕಾರರು ‘ಕಲ್ಪಭೇದ’ ಎಂದು ಹೇಳಿ ನೆಮ್ಮದಿಯಾಗಿ ಮುಂದೆ ಹೋಗುತ್ತಿದ್ದರು: ಅದು ಆ ಕಲ್ಪದಲ್ಲಿ ನಡೆದದ್ದು, ಇದು ಈ ಕಲ್ಪದಲ್ಲಿ. 1961ರಲ್ಲಿ ಡಿಸಿ ಸಂಸ್ಥೆ ಹಳೆಯ ಫ್ಲ್ಯಾಶ್ ಮತ್ತು ಹೊಸ ಫ್ಲ್ಯಾಶ್ ಇಬ್ಬರನ್ನೂ ಉಳಿಸಿಕೊಳ್ಳಲು ಎರಡು ಭೂಮಿಗಳನ್ನು ಕಲ್ಪಿಸಿದ್ದು ಇದೇ ಉಪಾಯ. ಅಧ್ಯಾತ್ಮ ರಾಮಾಯಣದಲ್ಲಂತೂ ಕಾಡಿಗೆ ಬರಬೇಡವೆಂದ ರಾಮನಿಗೆ ಸೀತೆ, ಇಷ್ಟು ರಾಮಾಯಣಗಳಲ್ಲಿ ಯಾವುದರಲ್ಲಾದರೂ ಸೀತೆ ಹೋಗದೆ ಉಳಿದದ್ದುಂಟೇ ಎಂದು ವಾದಿಸುತ್ತಾಳೆ. ಸಾತತ್ಯದ ವಾದದಲ್ಲಿ ಸೀತೆಯನ್ನು ಮೀರಿಸಿದ ಅಭಿಮಾನಿ ಇನ್ನೂ ಹುಟ್ಟಿಲ್ಲ!

ಆದರೆ ಕಲ್ಪಭೇದದಲ್ಲಿ ಯಾವ ಕಲ್ಪವನ್ನೂ ಅಳಿಸುವ ಅಗತ್ಯವಿಲ್ಲ. ಅಮೆರಿಕದ ಪ್ರಕಾಶಕರಿಗೆ ಅಷ್ಟು ಸಹನೆಯಿರಲಿಲ್ಲ. ಭೂಮಿಗಳ ಸಂಖ್ಯೆ ಹೆಚ್ಚಿ ಹೊಸ ಓದುಗರಿಗೆ ತಲೆಬುಡ ತಿಳಿಯದಂತಾಗಿದೆ ಎಂಬ ಕಾರಣಕ್ಕೆ ಡಿಸಿ 1985-86ರಲ್ಲಿ ‘ಕ್ರೈಸಿಸ್ ಆನ್ ಇನ್ಫಿನಿಟ್ ಅರ್ಥ್ಸ್’ ಎಂಬ 12 ಸಂಚಿಕೆಗಳ ಮಾಲೆ ತಂದಿತು. ಬರೆದವರು ಮಾರ್ವ್ ವುಲ್ಫ್‌ಮನ್, ಚಿತ್ರ ಜಾರ್ಜ್ ಪೆರೆಸ್. ಆಂಟಿ-ಮಾನಿಟರ್ ಎಂಬ ಖಳ ವಿಶ್ವಗಳನ್ನೇ ಒಂದೊಂದಾಗಿ ಅಳಿಸುತ್ತಾನೆ. ಸಂಪಾದಕರ ಕೆಂಪು ಲೇಖನಿಯೇ ಖಳನ ವೇಷ ಹಾಕಿ ಬಂದಂತಿತ್ತು. ಏಳನೇ ಸಂಚಿಕೆಯಲ್ಲಿ ಸೂಪರ್‌ಗರ್ಲ್ ಲೋಕವನ್ನುಳಿಸಲು ಪ್ರಾಣ ಕೊಡುತ್ತಾಳೆ. ಮಾಲೆ ಮುಗಿದ ಮೇಲಿನ ಹೊಸ ಚರಿತ್ರೆಯಲ್ಲಿ ಅವಳು ಇದ್ದದ್ದೇ ಇಲ್ಲ. ಅವಳಿಗಾಗಿ ಅತ್ತವರಿಗೂ ಅವಳ ನೆನಪಿಲ್ಲ. 1989ರಲ್ಲಿ ಬಂದ ಕ್ರಿಸ್‌ಮಸ್ ವಿಶೇಷ ಸಂಚಿಕೆಯೊಂದರಲ್ಲಿ ಅಲನ್ ಬ್ರೆನರ್ಟ್ ಒಂದು ಪುಟ್ಟ ಕಥೆ ಬರೆದರು. ಯಾರಿಗೂ ನೆನಪಿಲ್ಲದ ಒಬ್ಬ ತರುಣಿ ಪ್ರೇತವೊಂದಕ್ಕೆ ಸಾಂತ್ವನ ಹೇಳಿ, ತನ್ನ ಹೆಸರು ಕಾರಾ ಎಂದಷ್ಟೇ ತಿಳಿಸಿ ಮರೆಯಾಗುತ್ತಾಳೆ. ಅಧಿಕೃತವಾಗಿ ಅಳಿಸಿದ್ದನ್ನು ಓದುಗರ ನೆನಪಿನಲ್ಲಿ ನಂಬಿಕೆಯಿಟ್ಟು ಬರೆದ ಕಥೆ ಅದು. ಹಳೆಯದು ಗೊತ್ತಿಲ್ಲದವರಿಗೆ ಅದು ಅರ್ಥವೇ ಆಗದು.

ಅನ್ಯಗ್ರಹದ ಖಳರಲ್ಲಿ ಅತಿ ಹೆಚ್ಚು ವಾದಕ್ಕೆ ಆಹಾರವಾದವರು ಸ್ಕ್ರಲ್‌ಗಳು. 1962ರ ಆರಂಭದಲ್ಲಿ ‘ಫೆಂಟಾಸ್ಟಿಕ್ ಫೋರ್’ನ ಎರಡನೇ ಸಂಚಿಕೆಯಲ್ಲೇ ಬಂದ ಇವರು ಬೇಕಾದ ರೂಪ ತಾಳಬಲ್ಲವರು. ನಮ್ಮ ನಾಲ್ವರ ವೇಷದಲ್ಲಿ ಬಂದು ಅವರಿಗೆ ಕೆಟ್ಟ ಹೆಸರು ತರುತ್ತಾರೆ. ರೀಡ್ ರಿಚರ್ಡ್ಸ್ ಅವರ ನಾಯಕನಿಗೆ ಕಾಮಿಕ್ಸ್ ಪುಸ್ತಕಗಳಿಂದ ಕತ್ತರಿಸಿದ ಭೂತಗಳ ಚಿತ್ರ ತೋರಿಸಿ, ಇವೇ ಭೂಮಿಯ ಕಾವಲುಗಾರರು ಎಂದು ನಂಬಿಸಿ ಓಡಿಸುತ್ತಾನೆ. ಉಳಿದವರನ್ನು ಹಸುಗಳಾಗಿಸಿ, ತಾವು ಹಸುಗಳೇ ಎಂಬ ಭ್ರಮೆ ಹಿಡಿಸಿ ಮೇಯಲು ಬಿಡುತ್ತಾನೆ. ವೇಷ ಹಾಕಿದವರು ನಾಲ್ವರು, ಕೊನೆಯ ಚಿತ್ರದಲ್ಲಿ ಮೇಯುತ್ತಿರುವ ಹಸುಗಳು ಮೂರು. ನಾಲ್ಕನೆಯವನೆಲ್ಲಿ? ಈ ಪ್ರಶ್ನೆಯ ಮೇಲೆ ವ್ಯಯವಾದ ಕಾಗದದ ಪ್ರಮಾಣ ಸಣ್ಣದಲ್ಲ. ಅದಕ್ಕಿಂತ ಒಳ್ಳೆಯ ಪ್ರಶ್ನೆ ಕೇಳಿದವರು ಜಾನ್ ಬರ್ನ್: ಆ ಹಸುಗಳ ಹಾಲು ಕುಡಿದವರ ಗತಿಯೇನು? 1983ರ ವಾರ್ಷಿಕ ಸಂಚಿಕೆಯಲ್ಲಿ ಆ ಹಾಲು ಕುಡಿದ ಒಂದೂರಿನ ಕಥೆ ಬರೆದರು. 1995ರಲ್ಲಿ ಗ್ರಾಂಟ್ ಮಾರಿಸನ್ ಮತ್ತು ಮಾರ್ಕ್ ಮಿಲ್ಲರ್ ಅದನ್ನು ಮಾಂಸಕ್ಕೂ ವಿಸ್ತರಿಸಿದರು. ಅರವತ್ತರ ದಶಕದ ಒಂದು ನಗೆಹನಿ ಹೀಗೆ ಬೆಳೆಯುತ್ತ ಬಂದು, ಯುದ್ಧಕೈದಿಗಳನ್ನು ಪಶುಗಳಾಗಿಸಿದ ನಾಯಕನ ನಡತೆಯ ವಿಚಾರಣೆಯಾಗಿ ಮಾರ್ಪಟ್ಟಿತು.

ವಿಚಾರಣೆ ಎಂಬುದು ಬರೀ ರೂಪಕವಲ್ಲ. ಗ್ರಹಗಳನ್ನೇ ತಿನ್ನುವ ಗ್ಯಾಲಾಕ್ಟಸ್ ಸಾಯುವ ಸ್ಥಿತಿಯಲ್ಲಿದ್ದಾಗ 1982ರಲ್ಲಿ ರೀಡ್ ಅವನ ಪ್ರಾಣ ಉಳಿಸುತ್ತಾನೆ. ಮರುವರ್ಷ, 257ನೇ ಸಂಚಿಕೆಯಲ್ಲಿ, ಚೇತರಿಸಿಕೊಂಡ ಗ್ಯಾಲಾಕ್ಟಸ್ ಸ್ಕ್ರಲ್‌ಗಳ ರಾಜಧಾನಿ ಗ್ರಹವನ್ನು ನುಂಗುತ್ತಾನೆ. 1984ರಲ್ಲಿ ನಾಶವಾದ ಲೋಕಗಳ ಅಳಿದುಳಿದವರು ರೀಡ್‌ನನ್ನು ಹಿಡಿದು ಕಟಕಟೆಯಲ್ಲಿ ನಿಲ್ಲಿಸುತ್ತಾರೆ. ಇದನ್ನು ಬರೆದವರೂ ಬರ್ನ್‌ರೇ. ಡಿಬಾರಿ ಗ್ರಹ ಸುಡುವುದನ್ನು ಚಿತ್ರಿಸಿದ ಕೈಯೇ ನಾಲ್ಕು ವರ್ಷಗಳ ಬಳಿಕ ಈ ನ್ಯಾಯಸ್ಥಾನವನ್ನು ಬರೆಯಿತು. ಸ್ವತಃ ಬರ್ನ್ ಆ ಕಥೆಯಲ್ಲಿ ಒಂದು ಪಾತ್ರವಾಗಿ, ವಿಚಾರಣೆಯನ್ನು ದಾಖಲಿಸಲು ಬಂದವರಂತೆ ಕಾಣಿಸಿಕೊಳ್ಳುತ್ತಾರೆ. ತೀರ್ಪು ಮಾತ್ರ ನಿರಾಶಾದಾಯಕ. ‘ಎಟರ್ನಿಟಿ’ ಎಂಬ ವಿಶ್ವರೂಪವೇ ಪ್ರತ್ಯಕ್ಷವಾಗಿ, ಗ್ಯಾಲಾಕ್ಟಸ್ ಸೃಷ್ಟಿಗೆ ಅನಿವಾರ್ಯವೆಂಬ ಅರಿವನ್ನು ಎಲ್ಲರಿಗೂ ಉಂಟುಮಾಡುತ್ತದೆ. ಆರೋಪಿ ಬಿಡುಗಡೆಯಾಗುತ್ತಾನೆ. ವಿಶ್ವರೂಪದರ್ಶನದಿಂದ ಕೊಲೆಯ ಪ್ರಶ್ನೆ ಬಗೆಹರಿಯುವುದೇ ಎಂಬುದು ನಮ್ಮಲ್ಲೂ ಹಳೆಯ ಚರ್ಚೆ. ಓದುಗರು ತೀರ್ಪನ್ನು ಒಪ್ಪದೆ ಇಂದಿಗೂ ಮೇಲ್ಮನವಿ ನಡೆಸುತ್ತಿರುವುದು ನನಗೆ ಸಮಾಧಾನ ತರುವ ಸಂಗತಿ.

2008ರ ‘ಸೀಕ್ರೆಟ್ ಇನ್‌ವೇಷನ್’ ಮಾಲೆಯಲ್ಲಿ ಸ್ಕ್ರಲ್‌ಗಳು ಮತ್ತೆ ಬಂದರು. ಈ ಬಾರಿ ಹೆಸರಾಂತ ನಾಯಕರೇ ವರ್ಷಗಳಿಂದ ವೇಷಧಾರಿ ಸ್ಕ್ರಲ್‌ಗಳಾಗಿದ್ದರೆಂಬುದು ಬಯಲಾಯಿತು. ಅಭಿಮಾನಿಗಳು ಹಳೆಯ ಸಂಚಿಕೆಗಳನ್ನು ಕೆದಕಿ, ಯಾರು ಯಾವ ಸಂಚಿಕೆಯಿಂದ ನಕಲಿ ಎಂದು ಪತ್ತೆಹಚ್ಚುವ ಆಟಕ್ಕೆ ಇಳಿದರು. ಆಟವೇನೋ ಸೊಗಸು. ಆದರೆ 2001ರ ಭಯೋತ್ಪಾದಕ ದಾಳಿಯ ಬಳಿಕದ ಅಮೆರಿಕದಲ್ಲಿ, ದೇವರ ಪ್ರೀತಿಯ ಮಾತಾಡುತ್ತ ನೆರೆಮನೆಯಲ್ಲಿ ಅಡಗಿ ಕುಳಿತ ಪರಕೀಯರ ಕಥೆ ಯಾರತ್ತ ಬೆರಳು ಮಾಡುತ್ತಿತ್ತು ಎಂಬುದನ್ನು ಊಹಿಸಲು ಕಷ್ಟಪಡಬೇಕಿಲ್ಲ.

ಒಂದು ಕುಲಕ್ಕೆ ಕುಲವೇ ಖಳವಾಗಲು ಸಾಧ್ಯವೇ? ಕನ್ನಡದ ಓದುಗರಿಗೆ ಇದರ ಒಂದು ಉತ್ತರ ಒಂಬತ್ತು ಶತಮಾನಗಳಷ್ಟು ಹಳೆಯದು. ಅಭಿನವ ಪಂಪನೆನಿಸಿದ ನಾಗಚಂದ್ರ ತನ್ನ ರಾಮಚಂದ್ರಚರಿತಪುರಾಣದಲ್ಲಿ ಅನುಸರಿಸಿದ ಜೈನ ಪರಂಪರೆಯಲ್ಲಿ ರಾಕ್ಷಸರೆಂದರೆ ಕೋರೆಹಲ್ಲಿನ ಭೂತಗಳಲ್ಲ, ವಿದ್ಯಾಧರರ ಒಂದು ವಂಶ. ರಾವಣ ಗುಣವಂತ, ಒಂದು ದೌರ್ಬಲ್ಯದಿಂದ ಕೆಟ್ಟವನು. ಕೊಲ್ಲುವವನೂ ರಾಮನಲ್ಲ, ಲಕ್ಷ್ಮಣ. ಸಾತತ್ಯವನ್ನು ಮುರಿದ ಕಾರಣಕ್ಕೆ ಆ ಕಾವ್ಯ ಕಳಪೆಯಾಗಲಿಲ್ಲ. ರೆಟ್‌ಕಾನ್‌ಗಳೆಲ್ಲ ಒಂದೇ ಜಾತಿಯವಲ್ಲ ಎಂದು ನಾನು ಹೇಳುವುದು ಇದಕ್ಕೇ. ಜಮೈಕಾ ಕೊಲ್ಲಿಯ ಕೋಶ ನಮ್ಮವಳ ಕೈಯ ರಕ್ತ ತೊಳೆಯಲು ಬಂದದ್ದು; ನಾಗಚಂದ್ರನ ತಿದ್ದುಪಡಿ ಎದುರಾಳಿಗೂ ಒಂದು ಮುಖ ಕೊಡಲು ಬಂದದ್ದು.

2019 ವಿಚಿತ್ರ ವರ್ಷ. ಮಾರ್ಚಿಯಲ್ಲಿ ತೆರೆಕಂಡ ‘ಕ್ಯಾಪ್ಟನ್ ಮಾರ್ವೆಲ್’ ಚಿತ್ರದಲ್ಲಿ ಸ್ಕ್ರಲ್‌ಗಳು ನೆಲೆ ಕಳೆದುಕೊಂಡು ಹೆಂಡಿರು ಮಕ್ಕಳೊಂದಿಗೆ ಅಲೆಯುವ ನಿರಾಶ್ರಿತರು. ಆರು ದಶಕಗಳ ಖಳರನ್ನು ಹೀಗೆ ಸಾಧುಗಳಾಗಿಸಿದ್ದು ದ್ರೋಹವೆಂದು ಅಭಿಮಾನಿಗಳಲ್ಲಿ ಒಂದು ಪಂಗಡ ಸಿಡಿದೆದ್ದಿತು. ಅದಕ್ಕಿಂತ ಒಂದು ತಲೆಮಾರು ಹಿಂದೆಯೇ ಅವರ ಗ್ರಹ ನಾಶವಾದದ್ದನ್ನು, 2005ರಲ್ಲಿ ಬಂದ ಹಲ್ಕ್‌ಲಿಂಗ್ ಎಂಬ ತರುಣ ನಾಯಕ ಸ್ಕ್ರಲ್ ತಾಯಿಯ ಮಗನೆಂಬುದನ್ನು ನೆನಪಿಸಿದವರು ಇನ್ನೊಂದು ಪಂಗಡದವರು. ಸಾತತ್ಯದ ಹೆಸರಿನಲ್ಲಿ ಕೂಗಾಡುವವರಿಗೆ ಸಾತತ್ಯವೇ ತಿಳಿದಿರುವುದಿಲ್ಲ ಎಂಬುದು ಸಿನಿಮಾ ಅಭಿಮಾನಕ್ಕೆ ಮಾತ್ರ ಸೀಮಿತವಾದ ಕಾಯಿಲೆಯೇನಲ್ಲ. ಜೂನ್‌ನಲ್ಲಿ ಬಂದ ‘ಡಾರ್ಕ್ ಫೀನಿಕ್ಸ್’ ಚಿತ್ರದಲ್ಲಿ ಡಿಬಾರಿಗಳೂ ಬಂದರು. ಆ ಶಕ್ತಿಯಿಂದ ಊರು ಕಳೆದುಕೊಂಡವರು ಅಲ್ಲಿ ಭೂಮಿಯನ್ನು ಕಬಳಿಸಲು ಬಂದ ನಿರ್ದಯ ಖಳರು. 1980ರಲ್ಲಿ ಸತ್ತವರನ್ನು ಮತ್ತೆ ಎಬ್ಬಿಸಿ ತಂದದ್ದು ಅಪರಾಧಿಗಳಾಗಿಸುವುದಕ್ಕೆ. ಚಿತ್ರ ಸೋತಿತು, ಸೋಲಿಗೆ ಅಭಿಮಾನಿಗಳು ಕೊಟ್ಟ ಕಾರಣಗಳ ದೊಡ್ಡ ಪಟ್ಟಿಯಲ್ಲಿ ಇದನ್ನು ನಾನು ಕಂಡದ್ದು ಅಪರೂಪ.

2023ರಲ್ಲಿ ‘ಸೀಕ್ರೆಟ್ ಇನ್‌ವೇಷನ್’ ಕಿರುತೆರೆ ಸರಣಿಯಾಗಿ ಬಂತು. ವಾಗ್ದಾನ ಮಾಡಿದ ಮನೆ ಸಿಗದೆ ಕೆರಳಿದ ಸ್ಕ್ರಲ್ ಯುವಕರು ಅದರಲ್ಲಿ ಬಾಂಬ್ ಸಿಡಿಸುತ್ತಾರೆ. ಕೊನೆಯ ಕಂತಿನಲ್ಲಿ ಅಮೆರಿಕದ ಅಧ್ಯಕ್ಷರು ಹೊರಲೋಕದಲ್ಲಿ ಹುಟ್ಟಿದವರೆಲ್ಲರನ್ನೂ ಶತ್ರುಗಳೆಂದು ಸಾರುತ್ತಾರೆ. ಜನ ಬಂದೂಕು ಹಿಡಿದು ಬೀದಿಗಿಳಿಯುತ್ತಾರೆ. ಅದೇ ಸರಣಿಯಲ್ಲಿ, ಇಷ್ಟು ದಿನ ಓಡಾಡುತ್ತಿದ್ದ ಕರ್ನಲ್ ರೋಡ್ಸ್ ವೇಷಧಾರಿಯೆಂದೂ ನಿಜವಾದ ರೋಡ್ಸ್ ಆಸ್ಪತ್ರೆಯ ಉಡುಪಿನಲ್ಲಿ ಸೆರೆಯಲ್ಲಿದ್ದನೆಂದೂ ಗೊತ್ತಾಗುತ್ತದೆ. ಹಾಗಾದರೆ ಯಾವ ಚಿತ್ರದಿಂದ? 2016ರಲ್ಲಿ ಆತ ಗಾಯಗೊಂಡು ಆಸ್ಪತ್ರೆ ಸೇರಿದಾಗಿನಿಂದಲೇ? ಗೆಳೆಯ ಟೋನಿ ಸ್ಟಾರ್ಕ್‌ನ ಅಂತ್ಯಕ್ರಿಯೆಯಲ್ಲಿ ನಿಂತು ದುಃಖಿಸಿದವನು ಯಾರು ಹಾಗಿದ್ದರೆ? ನನ್ನ ಪರಿಚಯದ ತರುಣರು ವಾರಗಟ್ಟಲೆ ಇದನ್ನೇ ವಾದಿಸಿದರು, ದೃಶ್ಯದಿಂದ ದೃಶ್ಯಕ್ಕೆ ಸಾಕ್ಷ್ಯ ಒದಗಿಸಿದರು, ನಾನೂ ಸೇರಿಕೊಂಡೆ. ಅಧ್ಯಕ್ಷರ ಆ ಆಜ್ಞೆ ಮುಂದೆ ಏನಾಯಿತು, ಬೀದಿಯಲ್ಲಿ ಸತ್ತವರಲ್ಲಿ ಸ್ಕ್ರಲ್‌ಗಳೆಷ್ಟು, ಸ್ಕ್ರಲ್‌ಗಳೆಂದು ತಪ್ಪು ತಿಳಿದು ಕೊಂದ ಮನುಷ್ಯರೆಷ್ಟು ಎಂದು ನಮ್ಮ ಗುಂಪಿನಲ್ಲಿ ಕೇಳಿದವಳು ಒಬ್ಬಳೇ. ಅವಳಿಗೆ ಹದಿನಾರು ವರ್ಷ. ನಮ್ಮಲ್ಲಿ ಯಾರ ಬಳಿಯೂ ಸಂಚಿಕೆಯ ಸಂಖ್ಯೆ ಇರಲಿಲ್ಲ.